ಡ್ರೈವರ್ ಹೆಣೆದ ಕತ್ತುಪಟ್ಟಿ

ಬಸ್ ಡ್ರೈವರ್ ಕಾಲು ಮುರಿದುಕೊಂಡದ್ದು ಬಸ್ಸಿನಲ್ಲಲ್ಲ, ಸ್ವಂತ ಮನೆಯ ಮೆಟ್ಟಿಲಲ್ಲಿ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕಿಟಕಿ ಪಕ್ಕ ಕೂತವನಿಗೆ ಮೊದಲು ಟೀವಿ ಸಾಕಾಯಿತು, ಆಮೇಲೆ ಪೇಪರೂ ಸಾಕಾಯಿತು. ಹಾಲು ಯಾವಾಗ ಇಳಿಸಬೇಕು, ಒಗೆದ ಬಟ್ಟೆ ಹೇಗೆ ಹರವಬೇಕು ಅಂತ ಕೂತಲ್ಲಿಂದಲೇ ಉಪದೇಶ ಶುರುವಿಟ್ಟುಕೊಂಡ.

"ಪ್ಲಾಸ್ಟರನ್ನ ಬಾಯಿಗೂ ಹಾಕಿಸ್ಕೊಂಡು ಬರಬೇಕಿತ್ತು," ಅಂದಳು ಹೆಂಡತಿ.

ಅವಳು ಟೈಲರ್. ಬೀದಿಯ ಕೊನೆಗೆ ಅವಳ ಅಂಗಡಿ. ಬಾಗಿಲು ತೆರೆದಿದ್ದರೆ ಗಿರಾಕಿಯ ಜೊತೆ ಚಳಿಯೂ ಒಳಗೆ ಬರುತ್ತಿತ್ತು. ಶಾಲು ಹೊದ್ದರೆ ಅದರ ತುದಿ ಜಾರಿ ಮಿಷನ್ನಿನ ಸೂಜಿಯಡಿಗೆ ಹೋಗುತ್ತಿತ್ತು. ಒಮ್ಮೆ ಯಾರದೋ ಪ್ಯಾಂಟಿನ ಜೊತೆ ಶಾಲನ್ನೂ ಸೇರಿಸಿ ಹೊಲಿದುಬಿಟ್ಟು, ಬಿಚ್ಚುವಷ್ಟರಲ್ಲಿ ಸಾಕುಬೇಕಾಗಿತ್ತು. ಅಂದಿನಿಂದ ಬರಿಗತ್ತಿನಲ್ಲೇ ಕೂತು ಹೊಲಿಯುತ್ತಿದ್ದಳು, ಸಂಜೆ ಕೆಮ್ಮುತ್ತ ಮನೆಗೆ ಬರುತ್ತಿದ್ದಳು. ಡ್ಯೂಟಿಗೆ ಹೋಗುತ್ತಿದ್ದಾಗ ಆ ಕೆಮ್ಮು ಅವನ ಕಿವಿಗೇ ಬಿದ್ದಿರಲಿಲ್ಲ. ಈಗ ದಿನವೂ ಬೀಳುತ್ತಿತ್ತು.

ಮಹಡಿಯಲ್ಲಿ ಹೆಂಡತಿಯ ತಂಗಿ ಇದ್ದಳು. ಮಧ್ಯಾಹ್ನ ಅವನಿಗೆ ಊಟ ಬಡಿಸಲು ಇಳಿದು ಬಂದವಳು ಅಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

"ಇದು ನನಗೆ ಬರುತ್ತಾ?" ಅಂತ ಅವನು ಒಂದು ದಿನ ಕೇಳಿದ.

"ನಿಮಗಾ ಭಾವ? ಸೂಜಿಗೆ ದಾರ ಪೋಣಿಸೋಕೂ ಅಕ್ಕನ್ನ ಕರೆಯೋರು ನೀವು."

"ನಿಮ್ಮಕ್ಕನ ಕತ್ತಿಗೆ ಏನಾದ್ರೂ ಮಾಡಬೇಕು. ತುದಿ ನೇತಾಡಬಾರದು."

ನಾದಿನಿ ನಗು ನಿಲ್ಲಿಸಿದಳು. ಮರುದಿನ ಕಿರುಬೆರಳಿನಷ್ಟು ದಪ್ಪದ ಉಲ್ಲನ್ನೂ ಅದಕ್ಕೆ ತಕ್ಕ ಕಡ್ಡಿಗಳನ್ನೂ ತಂದಳು. ದಪ್ಪ ದಾರವಾದರೆ ಹೊಸಬರ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಬೇಗ ಬೆಳೆಯುತ್ತೆ ಅಂದಳು. ಮೊದಲ ಸಾಲಿನ ಕುಣಿಕೆಗಳನ್ನು ತಾನೇ ಹಾಕಿ ಕೊಟ್ಟಳು.

"ಕುಣಿಕೆಯೊಳಗೆ ಕಡ್ಡಿ ತೂರಿಸಿ. ದಾರ ಸುತ್ತಿ. ಈಚೆಗೆ ಎಳ್ಕೊಂಡು ಹಳೇ ಕುಣಿಕೇನ ಜಾರಿಸಿಬಿಡಿ. ಸಾಲು ಮುಗಿದ್ರೆ ತಿರುಗಿಸಿ ಮತ್ತೆ ಅದೇ."

ಅವನು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಒಂದೊಂದು ಕುಣಿಕೆಯನ್ನೂ ಉಸಿರು ಕಟ್ಟುವಂತೆ ಬಿಗಿದ.

"ಭಾವ, ಅದು ಸ್ಟೀರಿಂಗ್ ಅಲ್ಲ. ಕೈ ಸಡಿಲ ಬಿಡಿ."

ಸಂಜೆ ಹೆಂಡತಿಯ ಚಪ್ಪಲಿ ಸದ್ದು ಕೇಳಿದರೆ ಎಲ್ಲವೂ ದಿಂಬಿನಡಿಗೆ ಹೋಗುತ್ತಿತ್ತು. ದಿನ ಕಳೆದಂತೆ ಕೈ ಪಳಗಿತು, ಮನಸ್ಸೂ ಅದರಲ್ಲೇ ನೆಟ್ಟಿತು. ಅಡುಗೆಮನೆಯ ಗೊಡವೆಯನ್ನೇ ಬಿಟ್ಟುಬಿಟ್ಟ. ಗಂಡ ಎರಡು ದಿನ ಒಂದೂ ಉಪದೇಶ ಮಾಡದ್ದನ್ನು ಕಂಡು ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು.

ಕತ್ತುಪಟ್ಟಿ ಮುಗಿದ ಮಧ್ಯಾಹ್ನ ಇಬ್ಬರೂ ಅದನ್ನು ಅವನ ತೊಡೆಯ ಮೇಲೆ ಹರಡಿದರು. ಎರಡೂ ತುದಿ ಸೇರಿಸಿ ಹೊಲಿದರೆ ಕತ್ತಿಗೆ ಬಳೆಯಂತೆ ಕೂರಬೇಕು. ಆದರೆ ಶುರುವಿನ ತುದಿ ಬಿಗಿದುಕೊಂಡು ಗೇಣಗಲವೂ ಇರಲಿಲ್ಲ. ಕೊನೆಯ ತುದಿ ಸಡಿಲವಾಗಿ ಅದರ ಒಂದೂವರೆ ಪಟ್ಟು ಅಗಲವಾಗಿತ್ತು.

"ಎತ್ತು ಏರಿಗೆ, ಕೋಣ ನೀರಿಗೆ," ಅಂದಳು ನಾದಿನಿ. "ಬಿಚ್ಚೋಣ ಭಾವ. ಎರಡನೇ ಸಲ ಚೆನ್ನಾಗಿ ಬರುತ್ತೆ."

ಅವನು ದಾರದ ತುದಿ ಹುಡುಕತೊಡಗಿದ. ಅಷ್ಟರಲ್ಲಿ, ಅಂಗಡಿಯಲ್ಲಿ ಕರೆಂಟ್ ಹೋಯಿತು ಅನ್ನುತ್ತ ಹೆಂಡತಿ ಒಳಗೆ ಬಂದಳು. ಮುಚ್ಚಿಡಲು ಹೊತ್ತಿರಲಿಲ್ಲ.

ಅವಳು ಪಟ್ಟಿಯನ್ನು ಎತ್ತಿ ಹಿಂದುಮುಂದು ನೋಡಿದಳು. "ಯಾರು ಹೆಣೆದಿದ್ದು?"

ತಂಗಿ ಗದ್ದದಿಂದ ಭಾವನ ಕಡೆ ತೋರಿಸಿದಳು.

"ನಿನ್ನ ಕೆಮ್ಮಿಗೆ ಅಂತ," ಅಂದ ಅವನು. "ನೆಟ್ಟಗೆ ಬಂದಿಲ್ಲ. ಬಿಚ್ತಾ ಇದೀನಿ."

"ಕೈ ತೆಗೀರಿ."

ಕಿರಿದಾದ ತುದಿಯನ್ನು ಕೆಳಗಿಟ್ಟು, ಅಗಲದ ತುದಿಯನ್ನು ಅದರ ಮೇಲೆ ತಂದು ಕತ್ತಿಗೆ ಸುತ್ತಿ ಅಳತೆ ನೋಡಿದಳು. ಹೊಲಿಗೆಯ ಡಬ್ಬದಿಂದ ಕೋಟಿನ ದೊಡ್ಡ ಗುಂಡಿಯೊಂದನ್ನು ಆರಿಸಿ ಕಿರಿದಾದ ತುದಿಗೆ ಹೊಲಿದಳು. ಮೇಲಿನ ಸಡಿಲ ಹೆಣಿಗೆಯ ಸಂದಿಯಲ್ಲೇ ಗುಂಡಿ ತೂರಿತು. ಕಾಜಾ ಮಾಡುವ ಕೆಲಸವೂ ಬೀಳಲಿಲ್ಲ.

"ಚುಚ್ಚುತ್ತಾ ಅಕ್ಕ?"

"ಸ್ವಲ್ಪ," ಅಂದಳು ಕನ್ನಡಿಯ ಮುಂದೆ ನಿಂತು. "ಬೆಚ್ಚಗಿದೆ." ರಾತ್ರಿ ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲಿಲ್ಲ.

ಮರುದಿನ ಸಂಜೆ ಅಂಗಡಿಯಿಂದ ಬಂದವಳು ಹೇಳಿದಳು: "ಇದನ್ನ ಯಾರು ಮಾಡಿದ್ದು ಅಂತ ಒಬ್ಬರು ಕೇಳಿದ್ರು."

"ಏನಂದೆ?"

"ಬಸ್ ಡ್ರೈವರ್ ಅಂದೆ. ನಂಬಲಿಲ್ಲ."

ಅವನು ಮೆಲ್ಲಗೆ ಕಾಲು ಸರಿಸಿ ಅವಳಿಗೆ ಕೂರಲು ಜಾಗ ಮಾಡಿದ.