ಒಣಗದ ಕಾಳು

“ಏನೇ ಮುಂಡೆ, ಮೆಷಿನ್ ನಿಲ್ಲಿಸೋಕೆ ಇದೇನು ನಿಮ್ಮಪ್ಪ ಬಿಟ್ಟೋದ ಆಸ್ತಿನಾ?”

ಸೂಪರ್‌ವೈಸರ್ ಕೂಗಿದರೂ ಅಕ್ಕ ತಿರುಗಲಿಲ್ಲ. ಷೆಡ್ಡಿನಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಕಾಳು ಕರಗಿಸಿ, ಪ್ಲಗ್ಗು ಸಾಕೆಟ್ಟುಗಳ ಒಳಗೆ ಕೂರುವ ಬಿಲ್ಲೆ ತೆಗೆಯುತ್ತಿದ್ದಳು.

“ಕಾಳು ಒಣಗಿಲ್ಲ. ಡ್ರೈಯರ್ ಕೆಟ್ಟು ಮೂರು ದಿನ ಆಯ್ತು. ಬೆಳಗಿಂದ ತೆಗೆದದ್ದೆಲ್ಲ ಕೈಯಲ್ಲೇ ಮುರೀತಿದೆ.”

ಆ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಗುಣ ಅವಳಿಗೆ ಗೊತ್ತಿತ್ತು. ಗಟ್ಟಿಯಾದ ಮೇಲೆ ಬಿಸಿಗೆ ಬಗ್ಗದು, ಕರೆಂಟನ್ನು ದಾಟಗೊಡದು, ಎಣ್ಣೆಗೂ ಜಗ್ಗದು. ಕಾಳಾಗಿದ್ದಾಗ ಮಾತ್ರ ತೇವ ಅದಕ್ಕೆ ಆಗದು. ನಾಲ್ಕು ತಾಸು ಒಣಗಿಸದೆ ಕರಗಿಸಿದರೆ ಬಿಲ್ಲೆ ಮೇಲೆ ಫಳಫಳ ಹೊಳೆಯುತ್ತದೆ, ಒಳಗೆ ಬಲವಿರುವುದಿಲ್ಲ. ಒಮ್ಮೊಮ್ಮೆ ಕರಗಿದ್ದು ಬುಸುಗುಟ್ಟಿ ಮೆಷಿನ್ನಿನ ಮೂತಿಯಿಂದ ಚಿಮ್ಮುವುದೂ ಉಂಟು.

“ನೋಡೋಕೆ ಚೆನ್ನಾಗಿದ್ರೆ ಸಾಕು. ಒಡೆದ್ರೆ ಕೊಂಡವನ ಮನೇಲಿ ಒಡೆಯುತ್ತೆ.”

“ಆ ಮನೇಲಿ ಮಕ್ಕಳಿರ್ತವೆ.”

“ನೀನು ಹೆತ್ತಿದ್ದಲ್ವಲ್ಲ! ಸರಿ ಆಚೆ.” ಅವನು ಪ್ಯಾಕಿಂಗ್ ಟೇಬಲ್ಲಿನಿಂದ ಅಕ್ಕನ ನಾದಿನಿಯನ್ನು ಕರೆದ. “ನಿಮ್ಮತ್ತಿಗೆಗೆ ಕೊಬ್ಬು ಜಾಸ್ತಿಯಾಗಿದೆ. ನೀನು ನಡೆಸು.”

“ಬೇಡ ಕಣೇ,” ಎಂದಳು ಅಕ್ಕ.

“ಇಬ್ರೂ ಮನೇಲಿ ಕೂತ್ರೆ ಅಮ್ಮನ ಮಾತ್ರೆ ಯಾರು ತರ್ತಾರೆ ಅತ್ತಿಗೆ?” ನಾದಿನಿ ಗುಂಡಿ ಒತ್ತಿದಳು.

ಅರ್ಧ ತಾಸು ಮೂತಿ ಬುಸುಗುಟ್ಟುತ್ತಲೇ ಇತ್ತು. ಆಮೇಲೆ ಸದ್ದು ನಿಂತಿತು. ಅಕ್ಕನಿಗೆ ಗೊತ್ತಾಯಿತು, ಮೂತಿಯ ಬಾಯಿ ಕಟ್ಟಿ ಒಳಗೆ ಒತ್ತಡ ತುಂಬುತ್ತಿದೆ.

“ಕಟ್ಕೊಂಡಿದೆ, ಕೆರೆದು ಬಿಡು,” ಎಂದ ಸೂಪರ್‌ವೈಸರ್. ನಾದಿನಿ ಮೂತಿಯತ್ತ ಕೈ ಚಾಚಿದಳು.

“ಹಿಂದೆ ಸರಿಯೇ!”

ಅಕ್ಕನ ಕೂಗು ಮುಗಿಯುವಷ್ಟರಲ್ಲಿ ಫಟ್ಟೆಂದಿತು. ಕರಗಿದ ಪ್ಲಾಸ್ಟಿಕ್ ನಾದಿನಿಯ ಮುಂಗೈಗೆ ಮೆತ್ತಿಕೊಂಡು, ನೋಡನೋಡುತ್ತಲೇ ಬಿಳಿಚಿ ಗಟ್ಟಿಯಾಯಿತು. ಕಿತ್ತರೆ ಚರ್ಮವೂ ಬರುತ್ತದೆ. ನಲ್ಲಿಯ ಕೆಳಗೆ ಕೈ ಹಿಡಿದಿದ್ದಷ್ಟು ಹೊತ್ತೂ ಹುಡುಗಿ ಅಳಲಿಲ್ಲ, ಹಲ್ಲು ಮಾತ್ರ ಕಟಕಟ ಕಡಿಯುತ್ತಿದ್ದಳು. ಸರಕಿನ ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಕಳಿಸಿದರು. ಜೊತೆಗೆ ಹತ್ತಹೋದ ಅಕ್ಕನನ್ನು ಸೂಪರ್‌ವೈಸರ್ ರಟ್ಟೆ ಹಿಡಿದು ಇಳಿಸಿದ.

ಮಾಲೀಕ ಬಂದವನೇ ಮೊದಲು ಮೆಷಿನ್ ಸವರಿ ನೋಡಿದ. ಆಮೇಲೆ ಅಕ್ಕನ ಮುಂದೆ ಕಾಗದ ಹಿಡಿದ.

“ಕಾಳು ಒಣಗಿಸಿದ್ವಿ, ಅವಳೇ ಹೇಳದೆ ಕೇಳದೆ ಕೈ ಹಾಕಿದ್ಲು ಅಂತ ಇದೆ. ಸೈನ್ ಹಾಕಮ್ಮ. ಆಸ್ಪತ್ರೆದು ನಾನು ನೋಡ್ಕೋತೀನಿ. ಬೆಳಗಿಂದ ತೆಗೆದ ಮಾಲು ಸಂಜೆಯೊಳಗೆ ಹೋಗ್ಬೇಕು.”

ಅಕ್ಕ ಅವನ ಪೆನ್ನು ಮುಟ್ಟಲಿಲ್ಲ. ಪ್ಯಾಕಿಂಗ್ ಟೇಬಲ್ಲಿನ ದಪ್ಪ ಮಾರ್ಕರ್ ಎತ್ತಿಕೊಂಡು ಮೊದಲ ಬಾಕ್ಸಿನ ಮೇಲೆ ಬರೆದಳು: ಒಣಗಿಸಿಲ್ಲ. ಮುರಿಯುತ್ತೆ.

ಎರಡನೇ ಬಾಕ್ಸು. ಮೂರನೆಯದು.

“ತಲೆ ಕೆಟ್ಟಿದೆಯೇನೇ ಲೌಡಿ!” ಸೂಪರ್‌ವೈಸರ್ ಜಡೆ ಹಿಡಿದು ಜಗ್ಗಿದ. ಕತ್ತು ಹಿಂದಕ್ಕೆ ವಾಲಿದರೂ ಅವಳ ಕೈ ಬಾಕ್ಸು ಬಿಡಲಿಲ್ಲ. ಅಕ್ಷರ ಸೊಟ್ಟಗಾದವು, ಅಷ್ಟೇ. ಪಕ್ಕದಲ್ಲಿದ್ದ ಪ್ಯಾಕಿಂಗಿನ ಮುದುಕಿ ಇನ್ನೊಂದು ಮಾರ್ಕರಿನ ಮುಚ್ಚಳ ಕಿತ್ತಳು.

ಮಾಲೀಕ ದನಿ ಏರಿಸಲಿಲ್ಲ.

“ಶಟರ್ ಎಳಿ, ಲೈಟ್ ಆರಿಸು. ಸೈನ್ ಹಾಕೋವರೆಗೂ ಯಾರೂ ಆಚೆ ಹೋಗೋ ಹಾಗಿಲ್ಲ.”

ಕಬ್ಬಿಣದ ಶಟರ್ ಕರಕರನೆ ಇಳಿಯಿತು. ಹಗಲ ಬೆಳಕು ನೆಲದ ಮೇಲೆ ಒಂದು ಗೀಟಾಗಿ, ಅದೂ ಹೋಯಿತು. ಕತ್ತಲಲ್ಲಿ ರಟ್ಟಿನ ಮೇಲೆ ಮಾರ್ಕರ್ ಕಿರುಗುಟ್ಟುತ್ತಿತ್ತು. ಎರಡು ಕಡೆ. ಆಮೇಲೆ ಮೂರು ಕಡೆ.