ಮಧ್ಯದ ಹಲ್ಲು

ಅಕ್ಕನ ಮನೆಗೆ ಹೋದಾಗಲೆಲ್ಲ ಅವನು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಹೊರಗೆ ನಿಂತ ಅವಳ ಕಾರಿನ ಬಾಗಿಲು ತೆಗೆದು ಚಾಲಕರ ಸೀಟನ್ನು ಹಿಂದಕ್ಕೆ ತಳ್ಳುವುದು. ಸೀಟಿನ ಕೆಳಗಿನ ಹಳಿಯಲ್ಲಿ ಸಾಲಾಗಿ ಹಲ್ಲುಗಳಿರುತ್ತವೆ. ಅಕ್ಕನ ಸೀಟು ಯಾವಾಗಲೂ ತೀರ ಮುಂದಿನ ಹಲ್ಲಿಗೆ ಕಚ್ಚಿಕೊಂಡಿರುತ್ತಿತ್ತು. ಅವನು ಅದನ್ನು ಮಧ್ಯದ ಹಲ್ಲಿಗೆ ತಂದು, ಕೈ ಕೊಡವಿಕೊಂಡು, ಆಮೇಲೆ ಒಳಗೆ ಹೋಗಿ ನೀರು ಕೇಳುತ್ತಿದ್ದ. ಅವನು ಅತ್ತ ಹೋದದ್ದೇ ತಡ, ಅವಳು ಬಂದು ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಎಷ್ಟೋ ವರ್ಷಗಳ ಈ ಜಗಳದಲ್ಲಿ ಸವೆದದ್ದು, ಪಾಪ, ಆ ಹಳಿ.

ಮನೆತನಕ್ಕೆ ಬರಬೇಕಾದ ಎತ್ತರವನ್ನೆಲ್ಲ ತಮ್ಮನೊಬ್ಬನೇ ಬಾಚಿಕೊಂಡಿದ್ದ. ಅಕ್ಕ ಅವನನ್ನು ಕರೆಯುವುದೇ 'ಕಂಬ' ಎಂದು. ಅವಳು ನರ್ಸು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವವಳು, ದಿನವೆಲ್ಲ ಕಾರಿನಲ್ಲೇ ಓಡಾಟ. ಅವನು ಸರ್ಕಾರದ ವಾಹನ ಪರೀಕ್ಷಾ ಕೇಂದ್ರದಲ್ಲಿ ಅಧಿಕಾರಿ. ಡಿಕ್ಕಿಯಾದಾಗ ಸ್ಟಿಯರಿಂಗಿನೊಳಗಿಂದ ಚಿಮ್ಮಿ ಉಬ್ಬುವ ಗಾಳಿಚೀಲ, ಅಂದರೆ ಏರ್‌ಬ್ಯಾಗು, ಜನರನ್ನು ಉಳಿಸುತ್ತದೋ ಇಲ್ಲವೋ ಎಂದು ನೋಡುವುದು ಅವನ ವಿಭಾಗ. ಅವನ ಸಹಿ ಬೀಳದೆ ಯಾವ ಹೊಸ ಮಾದರಿಯೂ ರಸ್ತೆಗಿಳಿಯುವಂತಿಲ್ಲ.

ಅಕ್ಕನ ಕಾರಿಗೆ ವಯಸ್ಸಾಗಿತ್ತು. "ನೀನು ಪಾಸು ಮಾಡಿದ್ದನ್ನೇ ನಾನು ತಗೊಳ್ಳೋದು" ಎಂದು ಅವಳು ಹೊಸದೊಂದು ಪುಟ್ಟ ಕಾರನ್ನು, ಅದಿನ್ನೂ ಪರೀಕ್ಷೆಗೆ ಬರುವ ಮೊದಲೇ, ಬುಕ್ ಮಾಡಿ ಕೂತಿದ್ದಳು. ಈಗಿರುವ ಕಾರನ್ನು ಕೊಂಡದ್ದೂ ಇದೇ ಮಾತಿನ ಮೇಲೆ.

ಆ ಪುಟ್ಟ ಕಾರು ಕೇಂದ್ರಕ್ಕೆ ಬಂತು. ಉದ್ದನೆಯ ಹಜಾರದ ಒಂದು ತುದಿಯಲ್ಲಿ ಕಾಂಕ್ರೀಟಿನ ದಪ್ಪ ಗೋಡೆ, ಅದರ ಮುಂದೆ ಕಣ್ಣು ಕುಕ್ಕುವ ದೀಪಗಳು, ನೆಲದ ಸೀಳಿನಲ್ಲಿ ಕಾರನ್ನು ಎಳೆದೊಯ್ಯುವ ಉಕ್ಕಿನ ಹಗ್ಗ. ಚಾಲಕನ ಜಾಗದಲ್ಲಿ ಬೊಂಬೆ. ಸಹಾಯಕಿ ಅದರ ಹಣೆಗೆ ನೀಲಿ, ಮೂಗಿಗೆ ಕೆಂಪು, ಗದ್ದಕ್ಕೆ ಹಳದಿ ಬಣ್ಣ ಬಳಿದಳು. ಮುಖ ಎಲ್ಲಿ ಬಡಿಯಿತೆಂದು ಆಮೇಲೆ ಚೀಲದ ಮೇಲಿನ ಬಣ್ಣವೇ ಹೇಳುತ್ತದೆ.

ನಿಯಮ ಹೇಳುವುದಿಷ್ಟು: ಸಾಧಾರಣ ಮೈಕಟ್ಟಿನ ಗಂಡಸಿನ ಅಳತೆಯ ಬೊಂಬೆ, ಸೀಟು ಮಧ್ಯದ ಹಲ್ಲಿನಲ್ಲಿ. ಬರೆದ ಪುಣ್ಯಾತ್ಮರೆಲ್ಲ ಸಾಧಾರಣ ಮೈಕಟ್ಟಿನ ಗಂಡಸರೇ ಆಗಿದ್ದಿರಬೇಕು. ಕೇಂದ್ರದಲ್ಲಿ ಕುಳ್ಳ ಹೆಂಗಸಿನ ಅಳತೆಯ ಬೊಂಬೆಯೂ ಒಂದಿತ್ತು. ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸುತ್ತಿದ್ದರು. ಸ್ಟಿಯರಿಂಗ್ ಹಿಡಿಯುವ ಯೋಗ ಅದಕ್ಕೆ ಬಂದಿರಲಿಲ್ಲ.

ಕಾರು ಹೋಗಿ ಗೋಡೆಗೆ ಅಪ್ಪಳಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಚೀಲ ಉಬ್ಬಿ ಬೊಂಬೆಯನ್ನು ಹಿಡಿಯಿತು. ಮೂರು ಬಣ್ಣಗಳೂ ಚೀಲದ ನಟ್ಟನಡುವೆ, ಇರಬೇಕಾದ ಕಡೆ ಇದ್ದವು. ಕಂಪನಿಯ ಪ್ರತಿನಿಧಿ ಎಲ್ಲರ ಕೈ ಕುಲುಕಿದ, ಸಿಕ್ಕರೆ ಬೊಂಬೆಯ ಕೈಯನ್ನೂ ಕುಲುಕುತ್ತಿದ್ದ. ಉಳಿದದ್ದು ಸಹಿಯೊಂದೇ.

ಆ ಸಂಜೆ ಅಕ್ಕನ ಮನೆಯೆದುರು ಅವನು ಎಂದಿನಂತೆ ಸೀಟು ತಳ್ಳುತ್ತಿರುವಾಗ ಅವಳು ಹೊರಗೆ ಬಂದಳು. ಅವನು ತಳ್ಳಿದ ಜಾಗದಲ್ಲೇ ಹೋಗಿ ಕೂತಳು. ಕಾಲು ಚಾಚಿದಳು. ಪಾದ ಗಾಳಿಯಲ್ಲಿ ತೂಗಾಡಿತು.

"ಬ್ರೇಕ್ ಎಲ್ಲಿದೆ ಹೇಳು" ಅಂದಳು.

"ದಿಂಬು ಇಟ್ಕೋ ಬೆನ್ನಿಗೆ."

"ದಿಂಬು ಇಟ್ರೆ ನಾನು ಮುಂದೆ ಬರ್ತೀನಿ. ಸೀಟು ಎಳೆದ್ರೂ ಮುಂದೆ ಬರ್ತೀನಿ. ಎರಡೂ ಒಂದೇ ಅಲ್ವೇನೋ?" ಅವಳು ಕಾಲು ಆಡಿಸಿದಳು. "ನಿನ್ನ ಬೊಂಬೆಗೆ ಬ್ರೇಕ್ ಒತ್ತೋ ಕೆಲಸ ಇದೆಯಾ?"

"ಇಲ್ಲ."

"ಅದಕ್ಕೇ ಮಹಾರಾಜನ ಹಾಗೆ ಹಿಂದೆ ಕೂತಿರುತ್ತೆ."

ಅವನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅವಳು ಲಿವರ್ ಎತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಎದೆಗೂ ಸ್ಟಿಯರಿಂಗಿಗೂ ನಡುವೆ ಒಂದು ಗೇಣು ಉಳಿಯಿತು. ಯಾವುದೇ ಬಾಗಿಲು ಧಡಾರನೆ ತೆರೆದಾಗ ದೂರ ನಿಂತವನಿಗೆ ಬರೀ ಗಾಳಿ, ಬಾಗಿಲಿಗೆ ಮೂಗು ಒತ್ತಿ ನಿಂತವನಿಗೆ ಪೆಟ್ಟು. ಚೀಲವೂ ಹಾಗೆಯೇ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅದಕ್ಕೇ ವರ್ಷಗಟ್ಟಲೆ ಸೀಟು ತಳ್ಳಿದ್ದ. ತಪ್ಪು ಅಕ್ಕನದು ಅಂದುಕೊಂಡಿದ್ದ, ಅಷ್ಟೇ.

"ನಾನು ಕೂರೋದೇ ಹೀಗೆ. ಈಗ ಹೇಳು, ಹೊಸ ಕಾರು ತಗೊಳ್ಳಲಾ ಬೇಡವಾ?"

ಅಕ್ಕನ ಕುತ್ತಿಗೆ ನೋಡಿ ಅವನಿಗೆ ಹೆದರಿಕೆಯಾಯಿತು.

ಮರುದಿನ ಅವನು ನಿರ್ದೇಶಕಿಯ ಕೋಣೆಗೆ ಹೋದ. ದೊಡ್ಡ ಮೇಜಿನ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತ ಅವರಿಗೆ ಕಾಲಿಡಲು ಕೆಳಗೊಂದು ಮಣೆ ಇತ್ತು. ಅನುಮಾನ ಬಂದರೆ ಅಧಿಕಾರಿ ಬೇರೆ ಹಲ್ಲಿನಲ್ಲಿ, ಬೇರೆ ಬೊಂಬೆಯಿಂದಲೂ ಪರೀಕ್ಷೆ ನಡೆಸಬಹುದೆಂದು ನಿಯಮದಲ್ಲಿ ಒಂದು ಸಾಲಿದೆ. ಈವರೆಗೆ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

"ಪಾಸಾದ ಕಾರಿನ ಮೇಲೆ ಏನ್ರೀ ಅನುಮಾನ?" ನಿರ್ದೇಶಕಿ ಕೇಳಿದರು.

"ನಮ್ಮಕ್ಕ ಕುಳ್ಳಗಿದ್ದಾಳೆ, ಮೇಡಂ. ಇದೇ ಕಾರು ಬುಕ್ ಮಾಡಿದ್ದಾಳೆ."

"ಶಿವನೇ! ಮನೆಯವರು ಕೊಳ್ಳೋ ಕಾರಿನ ಪರೀಕ್ಷೆಗೆ ನೀವು ಕೈ ಹಾಕೋ ಹಾಗೇ ಇಲ್ಲ. ಇದನ್ನ ಬೇರೆಯವರಿಗೆ ಕೊಡ್ತೀನಿ. ಮಧ್ಯಾಹ್ನದೊಳಗೆ ಸಹಿ ಹಾಕಿ ಮುಗಿಸ್ತಾರೆ."

ನಿಜ ಹೇಳಿ ಕೆಟ್ಟೆ ಎಂದು ಅವನು ನಾಲಿಗೆ ಕಚ್ಚಿಕೊಂಡ. ಬೇರೆ ದಾರಿ ಕಾಣದೆ ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದ. "ಆ ಬುಕಿಂಗ್ ಕ್ಯಾನ್ಸಲ್ ಮಾಡು. ಯಾಕೆ ಅಂತ ಕೇಳಬೇಡ." ಅತ್ತ ಕಡೆ ಯಾರಿಗೋ ಪಟ್ಟಿ ಕಟ್ಟುತ್ತಿದ್ದವಳು "ಆಯ್ತು ಕಂಬ" ಎಂದು ಇಟ್ಟಳು.

ನಿರ್ದೇಶಕಿ ಕಾಲು ಸರಿಸಿದರು. ಮೇಜಿನ ಕೆಳಗೆ ಮಣೆ ಕಿರ್ರೆಂದಿತು.

"ನಾನೂ ತೀರ ಮುಂದಿನ ಹಲ್ಲಿನಲ್ಲೇ ಕೂರೋದು ಕಣ್ರೀ" ಅಂದರು. "ಮಾಡಿ. ಬುಕಿಂಗ್ ಹೋಯ್ತಲ್ಲ, ಈಗ ನೀವೇ ಮಾಡಬಹುದು. ಕಾರಣ ಬರೆಯುವಾಗ ಅಕ್ಕನ ಸುದ್ದಿ ಬೇಡ."

ಕಂಪನಿಯವರು ಕೂಗಾಡಿದರು. ನಿಯಮದ ಸಾಲನ್ನು ತೋರಿಸಿದ ಮೇಲೆ ಗೊಣಗಾಟಕ್ಕೆ ಇಳಿದರು. ಒಂದು ಕೈಕೊಟ್ಟರೆ ಇರಲೆಂದು ಅವರೇ ತಂದಿದ್ದ ಎರಡನೆಯ ಕಾರು ಹಜಾರದಲ್ಲೇ ಇತ್ತು. ಸಹಾಯಕಿ ಪುಟ್ಟ ಬೊಂಬೆಯ ಮುಖಕ್ಕೆ ಬಣ್ಣ ಬಳಿದಳು. ಅಷ್ಟು ವರ್ಷ ಹಿಂದಕ್ಕೆ ತಳ್ಳಿಯೇ ಅಭ್ಯಾಸವಾದ ಕೈಯಿಂದ ಅವನು ಸೀಟನ್ನು ಮುಂದಕ್ಕೆ ಎಳೆದ.

ಈ ಸಲ ಚೀಲದ ನಡುವೆ ಮೂರು ಬಣ್ಣ ಇರಲಿಲ್ಲ. ಹಳದಿಯೊಂದೇ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. ಉಬ್ಬುತ್ತಿದ್ದ ಚೀಲ ಗದ್ದದ ಕೆಳಗೆ ನುಗ್ಗಿ ತಲೆಯನ್ನು ಹಿಂದಕ್ಕೆ ಎತ್ತಿ ಒಗೆದಿತ್ತು. ಕುತ್ತಿಗೆಯೊಳಗಿನ ಮಾಪಕದ ಅಂಕಿ ಮಿತಿಯನ್ನು ಎಷ್ಟೋ ಮೀರಿತ್ತು. ಸಹಾಯಕಿ ಬೊಂಬೆಯ ಮುಖ ಒರೆಸಲು ಬಟ್ಟೆ ತಂದವಳು ಒರೆಸದೆ ನಿಂತಳು. ಅವನು ಫೇಲ್ ಎಂದು ಬರೆದ. ಚೀಲವನ್ನು ಬದಲಿಸಿ ತರುವ ತನಕ ಕಾರು ರಸ್ತೆಗಿಳಿಯುವಂತಿರಲಿಲ್ಲ.

ಗೆದ್ದ ಖುಷಿಯಲ್ಲಿ ಅವನು ಅಕ್ಕನ ಮನೆಗೆ ಹೋದ. ಅವಳ ಹಳೆಯ ಕಾರು ಬಾಗಿಲಲ್ಲಿತ್ತು. ಕೈ ತಾನಾಗಿಯೇ ಸೀಟಿನ ಲಿವರ್‌ಗೆ ಹೋಯಿತು, ಹೋಗಿ ಅಲ್ಲೇ ನಿಂತಿತು.

ಅಕ್ಕ ಕೆಲಸದ ಚೀಲ ಹಿಡಿದು ಹೊರಗೆ ಬಂದಳು. "ಹೊಸದಂತೂ ಹೋಯ್ತು. ಇನ್ನೊಂದೆರಡು ವರ್ಷ ಇದನ್ನೇ ಓಡಿಸ್ತೀನಿ ಬಿಡು. ಇದಕ್ಕೂ ಸಹಿ ಹಾಕಿದ್ದು ನೀನೇ ಅಲ್ವಾ?"

"ಹೂಂ."

"ಯಾವ ಹಲ್ಲಿನಲ್ಲಿ?"

ಈ ಕಾರಿನ ಚೀಲ ಅವಳನ್ನು ಉಳಿಸುತ್ತದೋ ಮುರಿಯುತ್ತದೋ, ಅವನಿಗೂ ಗೊತ್ತಿರಲಿಲ್ಲ, ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅವನು ಕೈ ಚಾಚಿದ. "ಕೀ ಕೊಡು. ಈ ಮಾದರಿಯದೊಂದನ್ನೂ ತರಿಸಿ ಮುಂದಿನ ಹಲ್ಲಿನಲ್ಲಿ ಗೋಡೆಗೆ ಹೊಡೆಸಿ ನೋಡ್ತೀನಿ. ಅಲ್ಲಿವರೆಗೆ ನಾನೇ ನಿನ್ನ ಬಿಟ್ಟು ಬರ್ತೀನಿ."

"ಆಫೀಸು?"

"ರಜೆ."

ಅವಳು ಅವನ ಮುಖ ನೋಡಿ ಕೀ ಕೊಟ್ಟಳು. ಪಕ್ಕದ ಸೀಟಿನಲ್ಲಿ ಕೂತು, ಅದನ್ನು ತಾನೇ ತೀರ ಹಿಂದಕ್ಕೆ ತಳ್ಳಿಕೊಂಡಳು. ಅಲ್ಲಿ ಬ್ರೇಕ್ ಇರಲಿಲ್ಲ.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಅವರ ಪಕ್ಕಕ್ಕೆ ಅಕ್ಕನ ಹಳೆಯ ಕಾರಿನದೇ ಮಾದರಿಯ ಇನ್ನೊಂದು ಕಾರು ಬಂದು ನಿಂತಿತು. ಒಳಗೆ ಒಬ್ಬ ಕುಳ್ಳ ಹೆಂಗಸು ಸ್ಟಿಯರಿಂಗಿಗೆ ಎದೆಯಾನಿಸಿದಂತೆ ಕೂತು, ಕತ್ತು ಎತ್ತಿ ದೀಪ ನೋಡುತ್ತಿದ್ದಳು. ಅವನು ಅವಳ ಗದ್ದವನ್ನೇ ನೋಡುತ್ತ ಕೂತ. ಹಿಂದಿನವರು ಹಾರ್ನ್ ಹೊಡೆದರು.

"ಹಸಿರು ಬಿತ್ತು, ನಡಿಯೋ" ಅಂದಳು ಅಕ್ಕ.