ಮೇಜಿನ ಪಕ್ಕದ ಕುರ್ಚಿ

ಆಟಕ್ಕೆ ಮುಂಚೆ ಕರಣ್ ಮಾಡಿದ್ದು ಇಷ್ಟೇ. ವಾರ್ಮ್‌ಅಪ್ ಮುಗಿಸಿ ಬರುವಾಗ ಅಧಿಕಾರಿಗಳ ಮೇಜಿನ ಬಳಿ ಮಾವ ಮಾಚಯ್ಯನನ್ನು ಕಂಡ. ಸ್ಟಿಕ್ಕನ್ನು ಕಂಕುಳಲ್ಲಿಟ್ಟು ಬಗ್ಗಿ ಪಾದ ಮುಟ್ಟಿದ. ಕೊಡಗಿನಲ್ಲಿ ಹಿರಿಯರ ಪಾದವನ್ನು ಮೂರು ಸಲ ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಎರಡನೆಯ ಸಲಕ್ಕೇ ಮಾಚಯ್ಯ ಕಾಲು ಹಿಂದಕ್ಕೆಳೆದುಕೊಂಡ.

ಎದುರಾಳಿ ಮಲೇಷ್ಯಾದ ಮ್ಯಾನೇಜರ್ ನಿಂತು ನೋಡುತ್ತಿದ್ದ.

ಮೇಜಿನಲ್ಲಿ ಜೊತೆಗಿದ್ದ ಅಧಿಕಾರಿ ದಹಿಯಾ ನಕ್ಕ. "ಅಚ್ಛಾ ಸುಬೇದಾರ್ ಸಾಬ್, ಆಪ್‌ಕಾ ಲಡ್‌ಕಾ ಹೈ?"

"ನಹೀಂ. ನಹೀಂ ಜಾನ್‌ತಾ ಇಸೆ," ಎಂದ ಮಾಚಯ್ಯ.

ಕರಣ್‌ಗೆ ಅಷ್ಟು ಹಿಂದಿ ಅರ್ಥವಾಗುತ್ತಿತ್ತು: ನಿಮ್ಮ ಹುಡುಗನಾ ಎಂದು ಕೇಳಿದ್ದು, ಇವನು ಯಾರೋ ಗೊತ್ತಿಲ್ಲ ಎಂದದ್ದು. ಬಗ್ಗಿದ್ದವನು ಎದ್ದು ಹೋದ. ತಂಡದ ಆಯ್ಕೆಗೆಂದು ಮೊದಲ ಸಲ ದೆಹಲಿಗೆ ಬಂದಾಗ ಅವನು ಉಳಿದುಕೊಂಡದ್ದು ಅಲ್ಲಿನ ದ್ವಾರಕಾ ಬಡಾವಣೆಯಲ್ಲಿ, ಮಾಚಯ್ಯನ ಮನೆಯಲ್ಲಿ. ಇವತ್ತು ಕೂಡ ಆಟ ಮುಗಿದ ಮೇಲೆ ಅಲ್ಲಿಗೇ ಊಟಕ್ಕೆ ಬರುವವನಿದ್ದ. ಮಾಚಯ್ಯನ ಹೆಂಡತಿ ಪೂವಮ್ಮ ಬೆಳಿಗ್ಗೆಯೇ ಹಂದಿ ಮಾಂಸ ತರಿಸಿದ್ದಳು.

ನಾಲ್ಕು ದೇಶಗಳ ಹಾಕಿ ಟೂರ್ನಿ. ಸೇನೆ ಬಿಟ್ಟ ಮೇಲೆ ತಾಂತ್ರಿಕ ಅಧಿಕಾರಿಗಳ ಪರೀಕ್ಷೆ ಬರೆದು, ಶಾಲಾ ಪಂದ್ಯಗಳ ಮೇಜಿನಲ್ಲಿ ವರ್ಷಗಟ್ಟಲೆ ಕೂತು, ಮಾಚಯ್ಯ ಇಲ್ಲಿಗೆ ಬಂದಿದ್ದ. ಹಳದಿ ಕಾರ್ಡ್ ಸಿಕ್ಕಿದ ಆಟಗಾರನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸುವುದು, ಅವಧಿ ಮುಗಿದೊಡನೆ ಒಳಗೆ ಬಿಡುವುದು ಅವನ ಕೆಲಸ. ಈ ಟೂರ್ನಿಯಲ್ಲಿ ಪಕ್ಷಪಾತದ ದೂರು ಬರದಿದ್ದರೆ ವಿದೇಶದ ಪಂದ್ಯಗಳಿಗೂ ಕರೆಯುವ ಮಾತಿತ್ತು.

ಪಂದ್ಯ ಡ್ರಾ ಆದರೂ ಸಾಕು, ಭಾರತ ಫೈನಲ್‌ಗೆ ಹೋಗುತ್ತಿತ್ತು. ಎರಡೂ ತಂಡಕ್ಕೆ ಒಂದೊಂದು ಗೋಲು. ಕೊನೆಯ ಭಾಗದಲ್ಲಿ ಕರಣ್ ಒಬ್ಬನ ಕಾಲಿಗೆ ಸ್ಟಿಕ್ ಹಾಕಿ ಬೀಳಿಸಿದ. ಹಳದಿ ಕಾರ್ಡ್, ಐದು ನಿಮಿಷ.

ಕುರ್ಚಿಯಲ್ಲಿ ಬಂದು ಕೂತವನು ಆಟದಿಂದ ಕಣ್ಣು ತೆಗೆಯಲಿಲ್ಲ. ಬಲಗಡೆ ಅವನ ಜಾಗ ಖಾಲಿ ಬಿದ್ದಿತ್ತು. ಮಲೇಷ್ಯಾದವರು ಅಲ್ಲಿಂದಲೇ ನುಗ್ಗುತ್ತಿದ್ದರು.

"ಮಾವ, ಆಯ್ತಾ?"

ಮಾಚಯ್ಯನ ಸ್ಟಾಪ್‌ವಾಚ್‌ನಲ್ಲಿ ಐದು ನಿಮಿಷ ಆಗಿತ್ತು. ಅವನು ತಲೆಯೆತ್ತಿದ. ಮಲೇಷ್ಯಾದ ಮ್ಯಾನೇಜರ್ ಈ ಕಡೆಗೇ ನೋಡುತ್ತಿದ್ದ. ಆ ಮಾವ ಎಂಬ ಮಾತು ಅವನಿಗೂ ಕೇಳಿಸಿರಬಹುದು ಎನಿಸಿತು.

"ಚುಪ್ ಬೈಠೋ," ಎಂದು ಸುಮ್ಮನೆ ಕೂರಲು ಹಿಂದಿಯಲ್ಲೇ ಗದರಿದ ಮಾಚಯ್ಯ.

"ಮಾವ, ಬಿಡಿ, ಅಲ್ಲಿ ಯಾರೂ ಇಲ್ಲ..."

"ಬೈಠೋ!"

ವಾಚ್ ಓಡುತ್ತಲೇ ಇತ್ತು. ಇನ್ನು ಸ್ವಲ್ಪ ಹೊತ್ತು ಕೂರಿಸಿದರೆ ತನ್ನವನನ್ನು ಬೇಗ ಬಿಟ್ಟ ಎಂದು ಯಾರೂ ಅನ್ನುವಂತಿಲ್ಲ ಎಂದು ಮಾಚಯ್ಯ ಲೆಕ್ಕ ಹಾಕಿದ. ಚೆಂಡು ಬಲಗಡೆಯಿಂದ ಒಳಗೆ ಬಂತು. ಗೋಲ್‌ಕೀಪರ್ ಮುಂದೆ ಬಂದು ಬಿದ್ದ. ಗೋಲು. ಆಮೇಲೆ ಮಾಚಯ್ಯ ಕೈಯೆತ್ತಿ ಹೋಗು ಎಂದು ಸನ್ನೆ ಮಾಡಿದ.

ಭಾರತ ಸೋತಿತು. ಸುರಂಗದಂಥ ಓಣಿಯಲ್ಲಿ ಕೋಚ್ ಎಲ್ಲರೆದುರು ಕರಣ್‌ನ ಮೇಲೆ ಕೂಗಾಡುತ್ತಿದ್ದ. "ಕಾರ್ಡ್ ಲೇಕೇ ಮ್ಯಾಚ್ ಡುಬಾ ದಿಯಾ!" ಕಾರ್ಡ್ ತಗೊಂಡು ಪಂದ್ಯ ಮುಳುಗಿಸಿದೆ, ಇನ್ನು ಬೆಂಚ್ ಮೇಲೇ ಕೂತಿರು ಎಂದ.

ಅದೇ ಓಣಿಯಲ್ಲಿ ಮಲೇಷ್ಯಾದ ಮ್ಯಾನೇಜರ್ ಮಾಚಯ್ಯನ ಕೈ ಕುಲುಕಿದ. ಬಹಳ ನ್ಯಾಯವಾಗಿ ನಡೆಸಿದಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮಾಚಯ್ಯ ಥ್ಯಾಂಕ್ಯೂ ಎಂದ. ಕೋಚ್ ಹತ್ತು ಹೆಜ್ಜೆ ಆಚೆ ಇದ್ದ. ಅವಧಿ ಮೀರಿ ಕೂರಿಸಿದ್ದು ತಾನು ಎಂದು ಹೋಗಿ ಹೇಳಬಹುದಿತ್ತು.

ಕರಣ್ ಬ್ಯಾಗ್ ಹೊತ್ತು ಬಂದ. ಈ ಸಲ ಬಗ್ಗಲಿಲ್ಲ. ಗೋಡೆಗೆ ಸರಿದು ದಾರಿ ಬಿಟ್ಟ.

"ಬರ್ತೀನಿ, ಸರ್," ಎಂದ.

ಮನೆಯಲ್ಲಿ ಪೂವಮ್ಮ ಬಾಗಿಲು ತೆಗೆದವಳೇ ಮಾಚಯ್ಯನ ಹಿಂದೆ ನೋಡಿದಳು, ಯಾರೂ ಇರಲಿಲ್ಲ.

"ಈಗ ಫೋನ್ ಮಾಡಿದ್ದ. ಬರಲ್ವಂತೆ."

"ಸೋತಿದ್ದಾರಲ್ಲ."

"ಅದಕ್ಕಲ್ಲ. 'ನಾನು ಬಂದದ್ದು ಯಾರಿಗಾದ್ರೂ ಗೊತ್ತಾದ್ರೆ ಮಾವನಿಗೆ ತೊಂದರೆ ಅತ್ತೆ' ಅಂದ. ಏನ್ರೀ ತೊಂದರೆ?"

ಮಾಚಯ್ಯ ಕೂತು ಶೂ ಬಿಚ್ಚಿದ. "ಕಾಲು ಮುಟ್ಟೋಕೆ ಬಂದ. ಇವನು ಯಾರೋ ನಂಗೆ ಗೊತ್ತಿಲ್ಲ ಅಂದೆ."

"ಅವನ ಎದುರಿಗೇ?"

"ಹ್ಞೂಂ."

"ಥೂ," ಎಂದಳು ಪೂವಮ್ಮ. ತಟ್ಟೆ ತೆಗೆದಿಡುತ್ತ ಕೇಳಿದಳು. "ಮತ್ತೆ ಟಿವೀಲಿ ನೋಡಿದೆ, ಅವನನ್ನ ಆಚೆ ಕೂರಿಸಿದಾಗಲೇ ಆಯ್ತಲ್ಲ ಆ ಗೋಲು. ಅವನದ್ದೇ ತಪ್ಪಾ?"

ನಿಜ ಬಾಯಿಯ ತನಕ ಬಂತು. ಮಾಚಯ್ಯ ಇನ್ನೊಂದು ಶೂವಿನ ಲೇಸಿಗೆ ಕೈ ಹಾಕಿದ.

"ಕಾರ್ಡ್ ಸಿಕ್ಕಿದ್ದು ಅವನಿಗೇ ಅಲ್ವಾ," ಎಂದ.

ಪೂವಮ್ಮ ಬಡಿಸಿದಳು. ಪಂದಿ ಕರಿ ಮೂವರಿಗಾಗುವಷ್ಟಿತ್ತು. ಅವನಿಗೆ ಹಸಿವಾಗಿತ್ತು, ಎರಡು ಸಲ ಹಾಕಿಸಿಕೊಂಡ. ತಲೆಯೆತ್ತದೆ ತಿಂದ.